ಹಿನ್ನೀರಿನಲ್ಲಿ ಬಿಟ್ಟ ಕೈ

ಜೋಳದ ಹಿಟ್ಟನ್ನು ರೊಟ್ಟಿಗೆ ನಾದುವ ಹದ ಬೇರೆ, ಗಾಳಕ್ಕೆ ಸಿಕ್ಕಿಸಲು ನಾದುವ ಹದ ಬೇರೆ. ಭಾಲ್ಕಿಯ ನನ್ನ ಅಡುಗೆಮನೆಯಲ್ಲಿ ಆ ಎರಡನೆಯ ಹದವನ್ನು ಮೊಮ್ಮಗಳು ಶ್ರೇಯಾಳಿಗೆ ಕಲಿಸುತ್ತಿದ್ದ ಬೆಳಗ್ಗೆಯೇ ನನ್ನೆದೆಯಲ್ಲಿ ಅಳುಕು ಶುರುವಾಗಿತ್ತು. ಬೀದರಿನಿಂದ ರಜೆಗೆ ಬಂದಿದ್ದ ಆ ಹುಡುಗಿಗೆ ಕಾಡು, ಡೇರೆ, ಮೀನು ಎಂದೆಲ್ಲ ಆಸೆ ಹುಟ್ಟಿಸಿದವಳು ನಾನೇ. ಈಗ ಹೆದರುತ್ತಿರುವವಳೂ ನಾನೇ. ಆಸ್ಪತ್ರೆಯಲ್ಲಿ ನರ್ಸ್ ಆಗಿ ವಯಸ್ಸು ಸವೆಸಿದವಳು. ಕೆರೆ ಬಾವಿಗಳಿಂದ ಎತ್ತಿ ತಂದ ಮಕ್ಕಳ ಒದ್ದೆ ಕೂದಲನ್ನು ಒರೆಸಿದವಳು. ಅಂಥವಳ ಕಣ್ಣಿಗೆ ನೀರು ಬರೀ ನೀರಾಗಿ ಕಂಡೀತೆ, ನೀವೇ ಹೇಳಿ.

ಹಲಬರ್ಗಾದ ನನ್ನ ಅಣ್ಣ ತುಕಾರಾಮ ನಮ್ಮನ್ನು ಕಾರಂಜಾ ಹಿನ್ನೀರಿಗೆ ಕರೆದೊಯ್ದ. ಕುರುಚಲು ಕಾಡಿನ ಅಂಚಿನಲ್ಲಿ ಎರಡು ಬೇವಿನ ಮರಗಳ ನಡುವೆ ತಾಡಪತ್ರಿ ಕಟ್ಟಿ ಡೇರೆ ಮಾಡಿಕೊಂಡೆವು. ಹುಡುಗಿಯ ತಾಯಿ ಸಂಗೀತಾ, ನನ್ನ ಮಗಳು, ಅವಳನ್ನು ಒಲ್ಲದ ಮನಸ್ಸಿನಿಂದ ಕಳಿಸುವಾಗ ಕೊಟ್ಟಿದ್ದ ಲೈಫ್ ಜಾಕೆಟ್ಟನ್ನು ಶ್ರೇಯಾಳಿಗೆ ಬಿಗಿದು, ಅದರ ಪಟ್ಟಿಗಳನ್ನು ಮತ್ತೆ ಮತ್ತೆ ಎಳೆದು ನೋಡಿ, ಕೊನೆಗೆ ಅಣ್ಣನ ತೆಪ್ಪ ಏರಿದೆ. ಹುಡುಗಿ ಒಂದು ಜಿಲೇಬಿ ಮೀನು ಹಿಡಿದು ಕೇಕೆ ಹಾಕಿದಾಗ ನಾನೂ ನಕ್ಕೆ. ಆದರೆ ಒಂದು ಕೈ ಅವಳ ಮುಂಗೈಯನ್ನು ಬಿಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ದಡದ ಕಡೆಯಿಂದ ಗಾಳಿ ಎದ್ದಿತು. ನೋಡನೋಡುತ್ತ ತೆಪ್ಪ ಆಳದತ್ತ ಜಾರತೊಡಗಿತು. ಅಣ್ಣ ಬಿದಿರ ಗಳವನ್ನು ಊರಿದ, ಮತ್ತೆ ಊರಿದ.

"ತಳ ಮುಟ್ಟವಲ್ದು! ಆ ಟೊಂಗಿ ಹಿಡೀರಿ!" ಎಂದು ಕೂಗಿದ.

ಅಣೆಕಟ್ಟು ತುಂಬಿದಾಗ ಮುಳುಗಿದ ಒಣ ಜಾಲಿ ಮರವೊಂದರ ತುದಿ ನಮ್ಮ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅದಕ್ಕೆ ಹತ್ತಿರವಿದ್ದವಳು ಶ್ರೇಯಾ ಒಬ್ಬಳೇ. ಅಷ್ಟರಲ್ಲಿ ನಾನು ಅವಳ ಎರಡೂ ಕೈಗಳನ್ನು ಅಪ್ಪಿ ಹಿಡಿದುಬಿಟ್ಟಿದ್ದೆ.

"ಆಯಿ, ಕೈ ಬಿಡು! ನೀ ಹಿಂಗ್ ಹಿಡಕೊಂಡ್ರ ನಾ ಟೊಂಗಿ ಹ್ಯಾಂಗ ಹಿಡೀಲಿ?"

ಪ್ರೀತಿ ಎಂದುಕೊಂಡು ನಾವು ಹಿಡಿಯುವ ಹಿಡಿತದಲ್ಲಿ ಮಕ್ಕಳಿಗೆಷ್ಟು, ನಮ್ಮ ಭಯಕ್ಕೆಷ್ಟು? ಇದು ಈಗ ಬರೆಯುವಾಗ ಹೊಳೆಯುವ ಮಾತು. ಆಗ ಹೊಳೆದದ್ದು ಒದ್ದೆ ಕೂದಲು ಮಾತ್ರ. ಬೆರಳುಗಳನ್ನು ಹೇಗೆ ಬಿಡಿಸಿದೆನೋ ತಿಳಿಯದು, ಬಿಟ್ಟೆ. ಅವಳು ಬಾಗಿ, ಮುಳ್ಳು ಅಂಗೈಗೆ ನಾಟಿದರೂ ಬಿಡದೆ, ಟೊಂಗೆಯನ್ನು ಹಿಡಿದಳು. ತೆಪ್ಪ ಗಕ್ಕನೆ ತಿರುಗಿತು. ಅಣ್ಣ ಹಗ್ಗ ಬೀಸಿ ಮರಕ್ಕೆ ಬಿಗಿದ. ಗಾಳಿ ತಗ್ಗುವ ತನಕ ಮೂವರೂ ಅಲ್ಲೇ ಕುಳಿತೆವು. ಆಮೇಲೆ ಅಣ್ಣ ದಡದ ತನಕ ತಲೆ ಎತ್ತಿದ್ದ ಅಂಥದೇ ಮುಳುಗಿದ ಮರಗಳಿಗೆ ಒಂದೊಂದಾಗಿ ಹಗ್ಗ ಹಾಕಿ ಎಳೆಯುತ್ತ ನಮ್ಮನ್ನು ದಡಕ್ಕೆ ತಂದ.

ಕಾಲು ನೆಲಕ್ಕೆ ತಾಗಿದೊಡನೆ ನಾನು ತಾಡಪತ್ರಿಯ ಗಂಟು ಬಿಚ್ಚತೊಡಗಿದೆ. "ಮನಿಗಿ ನಡಿ" ಎಂದೆ.

"ಹೆದರಿಕಿ ನನಗೂ ಆಗೇದ ಆಯಿ," ಎಂದಳು ಶ್ರೇಯಾ. "ಆದ್ರೂ ಇರೂಣು."

ಆಗಲೇ ಸಂಗೀತಾಳ ಫೋನು ಬಂತು. ಏನು ಹೇಳಲಿ ಎಂದು ನಾನು ತಡವರಿಸುವಷ್ಟರಲ್ಲಿ ಶ್ರೇಯಾ ಫೋನು ಕಸಿದುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು: ಗಾಳಿ, ಗಳ, ಮುಳ್ಳು, ಆಯಿ ಕೈ ಬಿಟ್ಟದ್ದು. ಫೋನು ನನ್ನ ಕೈಗೆ ಬಂದಾಗ ಬೈಗಳಿಗೆ ಕಾಯುತ್ತ ನಿಂತೆ.

"ಅವ್ವಾ, ನೀನೂ ಹೆದರಿದ್ದಿಯೇನು?"

"ಹೂಂ ಬೇ. ಭಾಳ."

ದೂರದಲ್ಲಿ ಅಣ್ಣ ಒಲೆಗೆ ಪುಳ್ಳೆ ಮುರಿಯುತ್ತಿದ್ದ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮುಳ್ಳು ತಗದು ಅರಿಶಿಣ ಹಚ್ಚು," ಎಂದಳು ಸಂಗೀತಾ. ಅವಳ ದನಿ ನಡುಗುತ್ತಿತ್ತು. "ಈಗ ಕತ್ತಲಾಗ ಹೊರಡಬ್ಯಾಡ್ರಿ. ಇದ್ದು ನಾಳಿಗಿ ಬರ್ರಿ."