ಧಾರೆ ಸೀರೆಯೊಳಗಿನ ಲಂಗ

ಬ್ಯಾಂಕಿನಲ್ಲಿ ಯಾರಾದರೂ ಹಿಂದಿನಿಂದ ಬಂದು ನಿಂತರೆ ಇಂದಿಗೂ ನನ್ನ ಕೈ ತಾನಾಗಿ ಕೊರಳ ಸರಕ್ಕೆ ಹೋಗುತ್ತದೆ.

ಅಂದು ಅಣ್ಣನ ಹೆಂಡತಿಯೂ ನಾನೂ ನೈರೋಬಿಯ ನಡುಪೇಟೆ ಸಿಬಿಡಿಯಲ್ಲಿ ಲೇಸು ಕೊಂಡು, ಬಾಡಿಗೆ ವ್ಯಾನು ಮಟಾಟುವಿನಲ್ಲಿ ಸೌತ್ ಬಿ ಬಡಾವಣೆಯ ಮನೆಗೆ ಹಿಂತಿರುಗುತ್ತಿದ್ದೆವು. ಅತ್ತಿಗೆಯ ಮಗಳ ಮದುವೆ ಹತ್ತಿರ ಬಂದಿತ್ತು. ಅವರ ತವರಿನ ಹೆಣ್ಣುಮಕ್ಕಳೆಲ್ಲ ಧಾರೆ ಸೀರೆಯೊಳಗೆ ತೊಡುವುದು ಒಂದೇ ಲಂಗ. ಹತ್ತೊಂಬತ್ತನೆಯ ಶತಮಾನದಲ್ಲಿ ಅತ್ತಿಗೆಯ ಅಜ್ಜಿಯ ಅಜ್ಜಿ ತನ್ನ ಮದುವೆಗೆಂದು ಕೈಯಲ್ಲೇ ಹೊಲಿದುಕೊಂಡದ್ದು. ಆಗಿನ್ನೂ ಚಿಕ್ಕ ಹುಡುಗಿ. ಬೆಳೆದಂತೆ ಬಿಚ್ಚಿಕೊಳ್ಳಲೆಂದು ಅಂಚಿನ ಮೇಲೆ ಸಾಲಾಗಿ ಮಡಿಕೆ ಹಿಡಿದು ಹೊಲಿದಿದ್ದಳು. ಆಮೇಲಿನ ತಾಯಂದಿರು ಮಗಳ ಎತ್ತರ ನೋಡಿ ಒಂದೊಂದೇ ಬಿಚ್ಚುತ್ತ ಬಂದರು. ನೈರೋಬಿಯಲ್ಲಿ ಬೆಳೆದ ಈ ಉದ್ದನೆಯ ಹುಡುಗಿಗೆ ಬಿಚ್ಚಲು ಮಡಿಕೆಯೇ ಉಳಿದಿರಲಿಲ್ಲ. ಅದಕ್ಕೇ ಅಂಚಿಗೆ ಹಚ್ಚಿ ಉದ್ದ ಮಾಡಲು ಲೇಸು.

ಮದುಮಗಳು ತೊಡುವ ತನಕ ತಾಯಿಯ ಹೊರತು ಯಾರೂ ಅದನ್ನು ಮುಟ್ಟಬಾರದು, ಚರ್ಮದ ಬ್ಯಾಗಿಗೆ ಹಾಕಬಾರದು. ಹಾಗಾಗಿ ಲೇಸಿನ ಅಳತೆಗೆ ತಂದಿದ್ದ ಲಂಗವನ್ನು ಅತ್ತಿಗೆ ರೇಷ್ಮೆಯಲ್ಲಿ ಗಂಟು ಕಟ್ಟಿ ಎರಡೂ ಕೈಯಿಂದ ತೊಡೆಯ ಮೇಲೆ ಅವುಚಿಕೊಂಡಿದ್ದರು. ಪ್ರಯಾಣಿಕರಂತೆ ಹಿಂದೆ ಕೂತಿದ್ದ ಇಬ್ಬರು ಎದ್ದು ಪಿಸ್ತೂಲು ತೆಗೆದಾಗ ಬ್ಯಾಗು, ಫೋನು, ಬಳೆ ಎಲ್ಲವನ್ನೂ ಅತ್ತಿಗೆ ತೆಗೆದು ಕೊಟ್ಟರು. ಗಂಟು ಮಾತ್ರ ಕೊಡಲಿಲ್ಲ. ಹಾಗೆ ಅವುಚಿ ಹಿಡಿದರೆ ಒಳಗೆ ಚಿನ್ನವಿದೆ ಎಂದಲ್ಲದೆ ಕಳ್ಳನಾದರೂ ಇನ್ನೇನು ತಿಳಿದಾನು?

“ಮಾಮಾ, ಲೆಟೆ ಹಿಯೋ!” ಅಮ್ಮಾ, ಅದನ್ನು ಕೊಡು ಎಂದು ಸ್ವಾಹಿಲಿಯಲ್ಲಿ ಹೇಳುತ್ತ ಅವರಲ್ಲೊಬ್ಬ ಕೈ ಚಾಚಿದ.

“ಥೂ, ಮುಟ್ಟಬೇಡ್ವೋ!” ಅತ್ತಿಗೆ ಕನ್ನಡದಲ್ಲೇ ಗದರಿ ಅವನ ಕೈ ತಳ್ಳಿದರು.

ಅವನು ಪಿಸ್ತೂಲನ್ನು ಅವರ ಕೆನ್ನೆಗೊತ್ತಿದ. ನಾನು ಗಂಟನ್ನು ಕಿತ್ತು ಅವನ ಕೈಗಿಟ್ಟೆ. ಬಿಚ್ಚಿದರೆ ಹಳೆಯ ಬಿಳಿ ಲಂಗ. ಜೊತೆಯವನು ಗಹಗಹಿಸಿ ನಕ್ಕ. ಆ ನಗುವಿಗೆ ಕೆರಳಿ ಇವನು ಪಿಸ್ತೂಲಿನ ಹಿಡಿಯಿಂದ ಅತ್ತಿಗೆಯ ಮುಖಕ್ಕೆ ಬಾರಿಸಿ, ರಕ್ತ ಸಿಡಿದ ಲಂಗವನ್ನು ಬೂಟಿನಡಿ ಹೊಸಕಿ ಇಳಿದುಹೋದ.

ಮರುದಿನ ಅತ್ತಿಗೆ ಎಷ್ಟು ಒಗೆದರೂ ರಕ್ತದ ಕಲೆ ಹೋಗಲಿಲ್ಲ.

“ಮಮ್ಮಿ, ಐ ಆಮ್ ನಾಟ್ ವೇರಿಂಗ್ ದಟ್,” ಎಂದಳು ಮಗಳು. “ಯು ಆಲ್ಮೋಸ್ಟ್ ಡೈಡ್ ಫಾರ್ ಎ ಪೆಟಿಕೋಟ್!”

ಅತ್ತಿಗೆ ಊದಿದ ಮುಖವನ್ನು ನನ್ನತ್ತ ತಿರುಗಿಸಿದರು. “ಕೇಳಿಸ್ತಾ? ನಿನಗ್ಯಾರು ಅದನ್ನ ಮುಟ್ಟಕ್ಕೆ ಹೇಳಿದ್ದು?”

“ಕೊಡದೇ ಇದ್ದಿದ್ರೆ ಗುಂಡು ಹಾರಿಸ್ತಿದ್ದ ಅತ್ತಿಗೆ.”

“ಹಾರಿಸ್ಲಿ ಬಿಡು. ನಾನು ಸತ್ತಿದ್ರೆ ಇವಳು ಬಾಯ್ಮುಚ್ಕೊಂಡು ಹಾಕ್ಕೋತಿದ್ಲು.”

ಮದುವೆಯಲ್ಲಿ ಹುಡುಗಿ ಅಂಗಡಿಯ ಲಂಗ ತೊಟ್ಟಳು. ಅತ್ತಿಗೆ ಸಾಲಾಗಿ ಎಲ್ಲರಿಗೂ ಅರಿಶಿನ ಕುಂಕುಮ ಕೊಡುತ್ತ ಬಂದು, ನನ್ನನ್ನು ದಾಟಿ ಪಕ್ಕದವರಿಗೆ ತಟ್ಟೆ ಚಾಚಿದರು. ಟ್ರಿಗರ್ ಮೇಲೆ ಅವನ ಬೆರಳು ಬಿಗಿದದ್ದನ್ನು ನಾನು ನೋಡಿದ್ದೆ. ಅವರು ನೋಡಿರಲಿಲ್ಲ, ಅವರ ಕಣ್ಣು ಗಂಟಿನ ಮೇಲಿತ್ತು.