ತೊಟ್ಟಿಲ ಕೌದಿಗೆ ದೊಡ್ಡ ಮೌಂಟ್

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮುರ್ತುಜಾಸಾಬ ಮೂವತ್ತೆಂಟು ವರ್ಷದಿಂದ ಫೋಟೋಗಳಿಗೆ ಚೌಕಟ್ಟು ಹಾಕುತ್ತ ಬಂದಿದ್ದಾನೆ. ದೇವರಿರಲಿ, ಹಿರಿಯರಿರಲಿ, ಸನ್ಮಾನಪತ್ರವೇ ಇರಲಿ, ಗಾಜಿನೊಳಗೆ ಅದರ ಸುತ್ತ ಬಿಳಿ ರಟ್ಟಿನ ಅಂಚು ಬೇಕೇ ಬೇಕು ಎನ್ನುವ ಮನುಷ್ಯ. ಆ ರಟ್ಟಿಗೆ ಅಂಗಡಿಯಲ್ಲಿ ಮೌಂಟ್ ಎನ್ನುತ್ತಾರೆ. ನಡುವೆ ಕಿಟಕಿಯಂತೆ ಕೊಯ್ಯಬೇಕು, ಅಂಚು ಓರೆಯಾಗಿರಬೇಕು, ಮೂಲೆಯಲ್ಲಿ ಬ್ಲೇಡು ಕೂದಲೆಳೆಯಷ್ಟೂ ದಾಟಬಾರದು. ಇದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ.

ನಿಡೋಣಿಯ ಅಕ್ಕನಾಗಮ್ಮ ತಂದದ್ದು ಮಾತ್ರ ಫೋಟೋ ಅಲ್ಲ, ತೊಟ್ಟಿಲ ಕೌದಿ. ಅವಳ ತಾಯಿ ಹಳೆಯ ಇಳಕಲ್ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು. ಆ ಮನೆಯ ಹನ್ನೊಂದು ಮಕ್ಕಳು ಅದರ ಮೇಲೆ ಮಲಗಿ ಬೆಳೆದಿದ್ದವು.

"ಶುಕ್ರವಾರ ಹೊಸ ಮನಿ ಹೊಗಾಕತ್ತೇವ್ರಿ. ನಮ್ಮವ್ವ ಅಂತೂ ಇಲ್ಲ, ಆಕಿ ಕೌದಿನರ ಪಡಸಾಲಿಯೊಳಗ ಇರಲಿ," ಎಂದಳು.

ಎರಡೂವರೆ ಅಡಿ ಅಗಲ, ನಾಲ್ಕಡಿ ಉದ್ದದ ಕೌದಿ. ಅಷ್ಟು ದೊಡ್ಡ ರಟ್ಟು ಊರಲ್ಲಿ ಸಿಗದು. ಎರಡು ತುಂಡು ಜೋಡಿಸುವುದು ಅವನ ಜಾಯಮಾನವಲ್ಲ. ಪುಣೆಯಿಂದ ಒಂದೇ ಒಂದು ಹಾಳೆ ತರಿಸಿದ. ಅದು ಬಂದು ಮುಟ್ಟಿದ್ದು ಬುಧವಾರ. ಕೆಟ್ಟರೆ ಶುಕ್ರವಾರದೊಳಗೆ ಇನ್ನೊಂದು ಬರುವ ಮಾತೇ ಇಲ್ಲ.

ಅಂಗಡಿಯ ಮೇಜು ಸಾಲಲಿಲ್ಲ. ಹಾಳೆಯನ್ನು ಮನೆಗೊಯ್ದು, ಮಂಚವನ್ನು ಅಂಗಳಕ್ಕೆಳೆದು, ನೆಲದ ಮೇಲೆ ಹಾಸಿದ. ಅವನ ಉಕ್ಕಿನ ಪಟ್ಟಿ ಗಿಡ್ಡವಾಯಿತು. ಗೋಡೆಯ ಗಿಲಾವು ಸಮ ಮಾಡುವ ಉದ್ದ ಪಟ್ಟಿಯನ್ನು ಓಣಿಯ ಗೌಂಡಿ ಚಂದ್ರಕಾಂತನಿಂದ ಕೇಳಿ ತಂದು, ಅದು ಜಾರದಂತೆ ತುದಿಗೆ ತನ್ನ ಹೆಂಡತಿ ಮಾಶಾಬಿಯನ್ನು ಕೂರಿಸಿದ.

"ಅಳ್ಳಾಡಬ್ಯಾಡ. ಉಸುರ ಸೈತ ಬಿಡಬ್ಯಾಡ."

"ನೀವು ಕೊಯ್ಯೂತನಕ ನಾ ಸಾಯ್ಬೇಕೇನ್ರಿ?" ಎಂದು ಅವಳು ನಕ್ಕಳು.

ನಾಲ್ಕು ಕೊಯ್ತಕ್ಕೆ ನಡುವಿನ ತುಂಡು ಸಲೀಸಾಗಿ ಕಳಚಿತು. ಮುರ್ತುಜಾಸಾಬ ಜಂಬದಿಂದ ಮೌಂಟನ್ನೆತ್ತಿ ಕೌದಿಯ ಮೇಲಿಟ್ಟ.

"ಮೂಲಿ ಎಲ್ಲಿ ಹೋದುವ್ರಿ?" ಎಂದಳು ಮಾಶಾಬಿ.

ಅವನು ಬಗ್ಗಿ ನೋಡಿದ. ಫೋಟೋ ಜಾರದಿರಲೆಂದು ಅಂಚನ್ನು ಬೆರಳಗಲ ಮೌಂಟಿನಡಿ ಮುಚ್ಚುವುದು ಹಳೆಯ ರೂಢಿ. ಕೈ ತಾನಾಗಿಯೇ ಹಾಗೆ ಅಳೆದುಬಿಟ್ಟಿತ್ತು. ಕೌದಿಯ ನಾಲ್ಕೂ ಮೂಲೆಯ ಪುಟ್ಟ ಕೆಂಪು ತುಂಡುಗಳು ರಟ್ಟಿನಡಿ ಮಾಯವಾಗಿದ್ದವು.

"ಕೌದಿ ಹೊಟ್ಟಿ ಖಾಲಿ ಇರಬಾರದಂತ ಅಲ್ಲೇ ಹೋಳಿಗಿ ಚೂರು ಇಟ್ಟು ಹೊಲಿತಾರ್ರಿ. ಅದನ್ನ ಮುಚ್ಚಿದ್ರ ಅಕ್ಕನಾಗಮ್ಮ ಸುಮ್ನ ಇದ್ದಾಳಾ?" ಓಣಿಯ ಅರ್ಧ ಕೌದಿಗಳನ್ನು ಹೊಲಿದವಳು ಮಾಶಾಬಿಯೇ, ಅವಳಿಗೆ ಗೊತ್ತಿರದೆ ಇನ್ನಾರಿಗೆ?

ಕಿಟಕಿಯನ್ನು ಹಿಗ್ಗಿಸಬಹುದಿತ್ತು. ಆದರೆ ಆಗ ಅಂಚು ಹಿಡಿಯಲು ರಟ್ಟು ಉಳಿಯದೆ ಕೌದಿ ಕುಸಿದು ಗಾಜಿನ ತಳದಲ್ಲಿ ಮುದ್ದೆಯಾಗುತ್ತದೆ. ಮುರ್ತುಜಾಸಾಬ ತಲೆಯ ಮೇಲೆ ಕೈ ಹೊತ್ತು ಕುಳಿತ. ಮಾಶಾಬಿ ಒಳಗಿನಿಂದ ಸೂಜಿಯ ಡಬ್ಬಿ ತಂದಳು.

"ನೀವು ಕೊಯ್ರಿ. ಹಿಂದಿನ ಹಲಗಿಗೆ ಒಂದು ಬಿಳಿ ಅರಿವಿ ಬಿಗಿರಿ, ಕೌದಿನ ಅದಕ್ಕ ಹೊಲಿತೀನಿ. ಇದೇನ ಫೋಟೋ ಅಲ್ಲ, ಹೊಲಿದ್ರ ಎಲ್ಲಿ ಬೀಳತೈತಿ?"

ಇಷ್ಟು ಸರಳ ಮಾತು ತನಗೆ ಹೊಳೆಯಲಿಲ್ಲವೆಂದು ಅವನಿಗೆ ನಾಚಿಕೆಯೂ ಆಯಿತು, ಜೀವದಲ್ಲಿ ಜೀವವೂ ಬಂತು. ಸುತ್ತಲೂ ಎರಡೆರಡು ಬೆರಳು ಮತ್ತೆ ಕೊಯ್ದ. ಗುರುವಾರವಿಡೀ ಮಾಶಾಬಿ ಕಣ್ಣಿಗೆ ಕಾಣದ ಹೊಲಿಗೆ ಹಾಕುತ್ತ ಕುಳಿತಳು. ಅವನು ಚಹಾ ಮಾಡಿ ಕೊಟ್ಟ, ಸಕ್ಕರೆ ಜಾಸ್ತಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಅಕ್ಕನಾಗಮ್ಮ ಟೆಂಪೋ ಮಾಡಿಸಿಕೊಂಡು ಅವನ ಮನೆಗೇ ಬಂದಳು. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಮೂಲೆ ಮುಟ್ಟಿದಳು. ಅವಳ ಕಣ್ಣು ತುಂಬಿಬಂತು.

"ನಾಕೂ ಅದಾವು. ನಮ್ಮವ್ವ ಎದರಿಗೆ ಬಂದು ನಿಂತಂಗಾತು. ಯಪ್ಪಾ, ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕ್ರಿ, ಸಾಬರ!"

ಹೊಗಳಿದರೆ ಹಿಗ್ಗಿ ಹೀರೇಕಾಯಿಯಾಗುವ ಮನುಷ್ಯ ಈ ಸಲ ತನ್ನ ಕೈಗಳನ್ನೊಮ್ಮೆ ನೋಡಿಕೊಂಡ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ:

"ಮಾಶಾಬಿ, ಹೊರಗ ಬಾ. ಕಡಗ ಯಾರ ಕೈಗೆ ಹಾಕಬೇಕಂತ ಅಕ್ಕಾರು ನೋಡ್ಲಿ."