ಸಂಜೆ ನುಂಗಿದ ಮುಂಜಾನೆಯ ಗುಳಿಗೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನನ್ನ ಎದೆ ಸುಮ್ಮನಿರುವುದಿಲ್ಲ. ಮಾರುಕಟ್ಟೆಯ ಘಾಟು ಮನೆಯೊಳಗೇ ಬರುತ್ತದೆ, ಉಬ್ಬಸ ಹತ್ತುತ್ತದೆ. ಈ ಸಲ ಸುಗ್ಗಿಯಲ್ಲೇ ರಂಜಾನ್ ಬಂತು. ಹಾವೇರಿಯ ಡಾಕ್ಟರು ಕೆಲವು ವಾರಗಳಿಗೆ ಸ್ಟಿರಾಯ್ಡ್ ಗುಳಿಗೆ ಬರೆದು, ಮುಂಜಾನೆ ನಾಷ್ಟಾ ಆದ ಮೇಲೆ ತೆಗೆದುಕೊಳ್ಳಿ ಎಂದಿದ್ದರು. ರೋಜಾ ಉಪವಾಸ ಹಿಡಿದವಳಿಗೆ ಮುಂಜಾನೆಯ ನಾಷ್ಟಾ ಎಲ್ಲಿಂದ ಬರಬೇಕು? ನಾನೇ ಜಾಣತನ ಮಾಡಿ, ಸಂಜೆ ರೋಜಾ ಬಿಟ್ಟು ಉಂಡ ಮೇಲೆ ನುಂಗತೊಡಗಿದೆ. ಯಾರನ್ನೂ ಕೇಳಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು, ಕೇಳುವುದು ನನ್ನ ಜಾಯಮಾನವಲ್ಲ.

ಉಬ್ಬಸ ಇಳಿಯಿತು, ನಿದ್ದೆ ಹಾರಿಹೋಯಿತು. ಹಗಲು ತಲೆ ಸಿಡಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಕುಕ್ಕರಿನ ಸೀಟಿ ಕೇಳಿದರೂ ಮೈ ಉರಿಯತೊಡಗಿತು.

ಸೊಸೆ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಹಬ್ಬದ ಮುಂದೆ ಅವಳ ಮಶಿನ್ನಿಗೆ ಬಿಡುವಿಲ್ಲ. ಒಂದು ಮಧ್ಯಾಹ್ನ ನನಗೆ ಇನ್ನೇನು ಜೊಂಪು ಹತ್ತಬೇಕು, ಮಶಿನ್ನು ಟರ್ರೆಂದಿತು. ಎದ್ದು ಹೋದೆ. ಮನೆಯಲ್ಲಿ ನಮ್ಮದು ಉರ್ದು. ಸಿಟ್ಟು ಬಂದರೆ ಮಾತ್ರ ನನಗೆ ಕನ್ನಡವೇ ಬರುವುದು.

"ಮಂದಿ ಮನ್ಯಾಗ ಹೆಂಗ ಇರಬೇಕಂತ ನಿಮ್ಮವ್ವ ನಿನಗ ಕಲಿಸಿಲ್ಲೇನು?"

ಆರು ವರ್ಷದಿಂದ ಈ ಮನೆಯಲ್ಲಿರುವವಳು ಅವಳು. ಹೊಲಿಯಬೇಕಿದ್ದ ಬಟ್ಟೆ ಗಂಟು ಕಟ್ಟಿ, ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿನ ತವರಿಗೆ ಬಸ್ಸು ಹತ್ತಿದಳು. ಸಂಜೆ ಮಗ ಬಂದು ಕೇಳಿದಾಗ, "ಹೋಗ್ಲಿ ಬಿಡು, ನಾಕ ದಿನ ನಾನೂ ಆರಾಮ ಮಲಗ್ತೇನಿ" ಅಂದೆ. ಮಶಿನ್ನು ನಿಂತರೂ ನಿದ್ದೆ ಬರಲಿಲ್ಲ.

ಐದನೆಯ ದಿನ ಹಾವೇರಿಗೆ ಹೋಗಿ, ನಿದ್ದೆಗೆ ಏನಾದರೂ ಕೊಡಿ ಎಂದೆ. ಗುಳಿಗೆ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ ತಿಳಿದ ಡಾಕ್ಟರು ನಕ್ಕೇಬಿಟ್ಟರು.

"ಟೀಚರ್ ಆದವ್ರು ಚೀಟಿ ಸರಿಯಾಗಿ ಓದಬಾರದೇನ್ರಿ? ನಸುಕಿನ್ಯಾಗ ಮೈ ತಾನ ಈ ಗುಳಿಗಿಯಂಥಾದ್ದೊಂದು ಹಾರ್ಮೋನು ಏರಿಸ್ತೈತಿ, ಬೆಳಗಾತು ಏಳು ಅಂತ. ಚಿಂತಿ, ಗಾಬರಿ ಆದಾಗೂ ಅದ ಏರೂದು. ನೀವು ಸಂಜಿಮುಂದ ನುಂಗಿದ್ರ ಮಿದುಳಿನ ಗಡಿಯಾರ ಏನಂತ ತಿಳಕೋಬೇಕು? ನಸುಕಿನ್ಯಾಗ ಸಹರಿ ಊಟ ಆದ ಕೂಡ್ಲೆ ತಗೋರಿ. ಸಿಟ್ಟೂ ಬರ್ತೈತೇನು?"

"ಅದು ಮೊದಲಿಂದ ಐತ್ರಿ."

"ಈಗ ಹೆಚ್ಚಾಗಿರ್ತೈತಿ ಬಿಡ್ರಿ."

ಅಪರಾಧಿ ಸಿಕ್ಕಿಬಿದ್ದಂತೆ ನನಗೆ ಖುಷಿ! ಬ್ಯಾಡಗಿಗೆ ತಿರುಗುವ ಮೋಟೆಬೆನ್ನೂರಿನಲ್ಲಿ ಇಳಿಯದೆ ನೆಟ್ಟಗೆ ರಾಣೆಬೆನ್ನೂರಿಗೆ ಹೋದೆ. ಸೊಸೆ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತ ಕೂತಿದ್ದಳು. ಬೈದದ್ದು ಕನ್ನಡದಲ್ಲಿ, ಹಾಗಾಗಿ ಕನ್ನಡದಲ್ಲೇ ಎಲ್ಲ ಹೇಳಿದೆ. ನಸುಕು, ಹಾರ್ಮೋನು, ಗಡಿಯಾರ, ಒಂದೂ ಬಿಡಲಿಲ್ಲ. "ಎಲ್ಲಾ ಆ ಗುಳಿಗಿ ಮಾಡಿದ್ದು. ನಡಿ ಇನ್ನ ಮನಿಗೆ."

ಅವಳು ಪೂರ್ತಿ ಕೇಳಿಸಿಕೊಂಡಳು. "ನಿದ್ದಿ ಕೆಡಿಸಿದ್ದು ಗುಳಿಗಿನ ಇರಬೇಕ್ರಿ ಅಮ್ಮಾ. ಮಂದಿ ಮನಿ ಅನ್ನೂದು ಗುಳಿಗ್ಯಾಗ ಇತ್ತೇನ್ರಿ?"

ಈ ವಯಸ್ಸಿನಲ್ಲಿ ಅಷ್ಟು ನಾಚಿಕೆ ಆಗಬಹುದೆಂದು ನನಗೆ ಗೊತ್ತಿರಲಿಲ್ಲ. ಆ ಮಾತು ಗುಳಿಗೆಗಿಂತ ಮೊದಲೇ ನನ್ನೊಳಗಿತ್ತು. ಆರು ವರ್ಷದಿಂದ ಇತ್ತು.

"ಇಲ್ಲವ್ವಾ, ಅದು ನಂದ ಮಾತು" ಅಂದೆ. "ತಪ್ಪಾತು."

ಅಂದು ಅವಳು ನನ್ನ ಜೊತೆ ಬರಲಿಲ್ಲ. ಗುಳಿಗೆಯನ್ನು ಸಹರಿಯ ಹೊತ್ತಿಗೆ ಬದಲಿಸಿದ ನಾಲ್ಕೇ ದಿನಕ್ಕೆ ನನಗೆ ನಿದ್ದೆ ಮರಳಿತು. ಸೊಸೆ ಮರಳಲು ಹಬ್ಬ ದಾಟಿ ಹದಿನೈದು ದಿನ ಹಿಡಿಯಿತು.